ಪರದೆ ಕೇಳುವ ಮಾತು

ಚಿತ್ತಾಪುರದ ಕಲ್ಯಾಣಪ್ಪ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಎಂಬತ್ತೆಂಟರಲ್ಲಿ ಅಲ್ಲಿಗೆ ಕಂಪ್ಯೂಟರ್ ಬಂತು. ಯಂತ್ರ ಒಂದೇ, ಒಳಗಿನ ಪ್ರೋಗ್ರಾಂ ಒಂದೇ, ಪರದೆ ಆರು. ಪ್ರೋಗ್ರಾಂ ಮೊದಲು ಎಲ್ಲರಿಗೂ ಸೇರಿದ ಸೂಚನೆಗಳ ಫೈಲನ್ನು ಓದುತ್ತಿತ್ತು; ಕೀಲಿಮಣೆಯಲ್ಲಿ ಹೆಸರು ಬಡಿದವನಿಗೆ ಸ್ವಂತ ಫೈಲಿದ್ದರೆ ಆಮೇಲೆ ಅದರಂತೆ ನಡೆಯುತ್ತಿತ್ತು. ಉಳಿದ ಐವರು ಗುಮಾಸ್ತರು ಸ್ವಂತ ಫೈಲಿನ ಗೋಜಿಗೇ ಹೋಗಲಿಲ್ಲ. ಕಲಿಯಲು ಪುರುಸೊತ್ತಿದ್ದವನು ಕಲ್ಯಾಣಪ್ಪ ಒಬ್ಬನೇ. ಮಕ್ಕಳಿಲ್ಲ, ಹೆಂಡತಿ ಚಂದಮ್ಮ ತೀರಿಕೊಂಡು ಮೂರು ವರ್ಷ. ಕ್ವಾರ್ಟರ್ಸಿಗೆ ಬೇಗ ಹೋಗಿ ಗೋಡೆ ನೋಡುವುದೇ?

ತನ್ನ ಫೈಲಿನಲ್ಲಿ ಅವನು ಒಂದು ಸಾಲು ಹಾಕಿಕೊಂಡಿದ್ದ. ಹೆಸರು ಬಡಿದ ಕೂಡಲೇ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡುತ್ತಿತ್ತು: "ಉಂಡ್ರೇನ್ರಿ?" ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಚಂದಮ್ಮ ಕೇಳುತ್ತಿದ್ದ ಮಾತು. ಈಗ ಲೋಕದಲ್ಲಿ ಅವನನ್ನು ಹಾಗೆ ಕೇಳುವುದು ಆ ಪರದೆಯೊಂದೇ.

ಒಂದು ದಿನ ಸಾಲನ್ನು ತಿದ್ದುವಾಗ ಕೈತಪ್ಪಿತು. ತನ್ನ ಫೈಲೆಂದುಕೊಂಡು ಎಲ್ಲರ ಫೈಲಿಗೇ ಬರೆದುಬಿಟ್ಟ. ಊಟದ ಬಿಡುವು ಮುಗಿಸಿ ಬಂದ ಐವರಿಗೂ ಚಂದಮ್ಮನ ಪ್ರಶ್ನೆ!

"ಕಲ್ಯಾಣಪ್ಪನೋರ, ಮಷೀನಿಗಿ ಹಸಿವಾಗ್ಯಾದೇನ್ರಿ?" ಎಂದು ಪಕ್ಕದ ಪರದೆಯ ಚಂದ್ರಾಮ ಕೂಗಿದ. ಕೋಣೆಯೆಲ್ಲ ನಕ್ಕಿತು. ಕಲ್ಯಾಣಪ್ಪನ ಮುಖ ಸುಣ್ಣವಾಯಿತು. ಸತ್ತವಳ ಮಾತನ್ನು ತಾನೇ ಬೀದಿಗೆ ತಂದಂತಾಗಿ ನಾಚಿಕೆ, ಸಂಕಟ ಎರಡೂ ಒಟ್ಟಿಗೆ ಬಂದವು. ಯಾರಿಗೂ ಏನೂ ಹೇಳದೆ ಎಲ್ಲರ ಫೈಲಿನಿಂದ ಅದನ್ನು ಅಳಿಸಿದ.

ಮರುದಿನ ಆ ಐವರಲ್ಲಿ ಕಿರಿಯ, ತೆಂಗಳಿಯ ಪೀರಪ್ಪ, ಅವನ ಮೇಜಿನ ಹತ್ತಿರ ಬಂದು ನಿಂತ. ನಕ್ಕವರ ನಡುವೆ ನಿನ್ನೆ ಇವನೊಬ್ಬ ನಕ್ಕಿರಲಿಲ್ಲ.

"ಅದನ್ಯಾಕ ತೆಗದ್ರಿ? ಅವ್ವ ಹೋಗಿ ಆರು ತಿಂಗಳಾಯ್ತು. ಉಂಡ್ಯೇನಂತ ಕೇಳೋರು ಯಾರೂ ಇಲ್ರಿ. ನನಗರ ಇರ್ಲಿ ಬಿಡ್ರಿ."

ಕೊಟ್ಟರೆ ಚಂದಮ್ಮ ಹಂಚಿಹೋಗುತ್ತಾಳೆ. ಕೊಡದಿದ್ದರೆ ಈ ಹುಡುಗನ ಮುಖ ನೋಡುವುದು ಹೇಗೆ?

"ಅದು ನಮ್ಮನ್ಯಾಕಿ ಮಾತು, ಪೀರಪ್ಪ. ಕೊಡ್ಲಿಕ್ಕ ಬರಲ್ಲ," ಎಂದ ಕಲ್ಯಾಣಪ್ಪ. "ನಿಮ್ಮವ್ವ ಏನಂತಿದ್ಲು, ಅದು ಹೇಳು."

ಪೀರಪ್ಪ ಹೇಳಿದ. ಕಲ್ಯಾಣಪ್ಪ ಅವನ ಹೆಸರಲ್ಲೇ ಬೇರೆ ಫೈಲು ಮಾಡಿ, ಒಂದೇ ಸಾಲು ಬರೆದು, ಈ ಸಲ ಎರಡೆರಡು ಬಾರಿ ನೋಡಿ ಉಳಿಸಿದ. ಪೀರಪ್ಪ ತನ್ನ ಜಾಗಕ್ಕೆ ಹೋಗಿ ಹೆಸರು ಬಡಿದ. ಪರದೆ ಕೇಳಿತು: "ಇನ್ನೊಂದು ರೊಟ್ಟಿ ಹಾಕ್ಲೇನಪಾ?"

"ಹಾಕು ಯವ್ವ," ಎಂದ ಅವನು, ಯಾರಿಗೂ ಕೇಳಿಸದ ಹಾಗೆ.

ಕಲ್ಯಾಣಪ್ಪನಿಗೆ ಕೇಳಿಸಿತು. ಅವನು ತನ್ನ ಪರದೆಯ ಕಡೆ ತಿರುಗಿ, ಹೆಸರು ಬಡಿದು, ಕಾಯುತ್ತ ಕೂತ.