ಸಾಲ್ವೋರಳ ತೋರುಬೆರಳು

ಸಾಲ್ವೋರ್ ತೀರಿಕೊಂಡು ಐದು ವಾರವಾಯಿತು. ಪತ್ರಿಕೆಗೆ ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡು ಎಂದು ಅವಳ ಅಣ್ಣ ಕೇಳಿದಾಗ, ಬಲೆಮನೆಯಲ್ಲಿ ನಾವಿಬ್ಬರೂ ಜೊತೆಗೆ ಕಳೆದ ಮೂವತ್ತು ವರ್ಷವನ್ನು ಬರೆಯಬೇಕೆಂದು ಕೂತೆ. ಆದರೆ ಮನಸ್ಸು ಒಂದೇ ಬೆಳಿಗ್ಗೆಗೆ ಮರಳಿ ಹೋಗುತ್ತಿದೆ.

ಓಲಾಫ್ಸ್ವೀಕ್ ಬಂದರಿನಲ್ಲಿ ಹರಿದ ಬಲೆಗಳನ್ನು ಸರಿಪಡಿಸುವುದು ನಮ್ಮ ಕೆಲಸ. ಚಳಿಗೆ ಅವಳ ಬೆರಳುಗಳು ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಗಟ್ಟುವುದನ್ನು ಎಂಟು ವರ್ಷ ನೋಡಿದ್ದೆವು. ಅದನ್ನು ಉಗುರುಚಳಿ ಎಂದೆವು. ದಿನವಿಡೀ ಮೀನಿನ ಮಂಜುಗಡ್ಡೆಯಲ್ಲಿ ಕೈಯಾಡಿಸುವ ಊರಿನಲ್ಲಿ ಅದು ಯಾರಿಗಿಲ್ಲ? ಬಿಸಿನೀರಿನ ಕೊಳದಲ್ಲಿ ಕೂತೆದ್ದರೆ ಹೋಗುತ್ತದೆ ಎಂದೆವು. ಬೆರಳ ಚರ್ಮ ಬಿಗಿದು ಮಿಂಚತೊಡಗಿ, ಅವಳಿಗೆ ಮುಷ್ಟಿ ಕಟ್ಟಲೂ ಆಗದಂತಾದ ಮೇಲೆ ಕಾಯಿಲೆಯ ಹೆಸರು ಗೊತ್ತಾಯಿತು: ಸಿಸ್ಟಮಿಕ್ ಸ್ಕ್ಲೆರೋಸಿಸ್. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಚರ್ಮ ದಪ್ಪಗಾಗುತ್ತದೆ, ಕೆಲವರಲ್ಲಿ ಶ್ವಾಸಕೋಶವೂ ಗಟ್ಟಿಯಾಗುತ್ತದೆ.

ಸುಮಾರು ಎರಡೂವರೆ ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವಳ ಬಲಗೈ ತೋರುಬೆರಳ ತುದಿಯಲ್ಲಿ ಹುಣ್ಣಾಯಿತು. ಅದರ ಸುತ್ತ ಕಪ್ಪು ಹರಡತೊಡಗಿತು. ರಕ್ತ ಎಷ್ಟು ಹರಿಯುತ್ತಿದೆಯೆಂದು ಚಿತ್ರ ತೆಗೆದು ನೋಡುತ್ತೇವೆ, ತೀರಾ ಕೆಟ್ಟಿದ್ದರೆ ತುದಿ ತೆಗೆಯಬೇಕಾಗಬಹುದು ಎಂದು ರಾಜಧಾನಿ ರೇಕ್ಯವೀಕ್‌ನ ಆಸ್ಪತ್ರೆಯಿಂದ ಅವಳ ಡಾಕ್ಟರ್ ಟಿನ್ನಾ ಫೋನಿನಲ್ಲಿ ಹೇಳಿದ್ದಳು. ಸಾಲ್ವೋರಳ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಮಾತ್ರ.

ಗಾಡಿ ಓಡಿಸಿದವಳು ನಾನು. ಮೂರು ಗಂಟೆ ಹಿಮಮಳೆಯಲ್ಲಿ ಬಂದು ರೇಕ್ಯವೀಕ್ ಮುಟ್ಟಿದೆವು. ಆಸ್ಪತ್ರೆಗೆ ಐದು ನಿಮಿಷ ಇದೆ ಎನ್ನುವಾಗ ಅವಳು ದಾರಿಬದಿಯ ಬಿಸಿನೀರಿನ ಕೊಳದ ಕಡೆ ಕೈ ತೋರಿದಳು.

"ಬೆರಾ, ನಿಲ್ಸೆ. ಅರ್ಧ ಗಂಟೆ ಕೂತು ಹೋಗಣ."

"ಹೊತ್ತಾಗುತ್ತೆ ಕಣೆ."

"ನಿನ್ನ ಗಾಡಿ ಓಡೋ ಚಂದಕ್ಕೆ ಇಷ್ಟು ಹೊತ್ತು ಆಗಿದೆ, ಇನ್ನರ್ಧ ಗಂಟೆ ಯಾವ ಲೆಕ್ಕ? ನಿಲ್ಸು."

ದೂರದಿಂದ ಬಂದವರು ಕೊಳಕ್ಕಿಳಿಯುವುದು ನಮ್ಮಲ್ಲಿ ಮುಖ ತೊಳೆದಷ್ಟೇ ಸಹಜ. ನನಗೆ ಅನುಮಾನ ಬರಲಿಲ್ಲ. ಅವಳು ಹುಣ್ಣಿಗೆ ನೀರು ತಾಗದಂತೆ ಬೆರಳಿಗೆ ರಬ್ಬರ್ ಚೀಲ ಹಾಕಿಕೊಂಡು ಕತ್ತಿನವರೆಗೆ ಮುಳುಗಿ ಕೂತಳು. ಒಮ್ಮೆಯೂ ಕೈ ಹೊರಗೆ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಟಿನ್ನಾ ಮೊದಲು ಚರ್ಮವನ್ನು ಚಿವುಟಿ ನೋಡಿದಳು. ಮೈಯ ಹದಿನೇಳು ಕಡೆ ಹೀಗೆ ಹಿಡಿದು, ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತಾರೆ; ಚರ್ಮ ದಪ್ಪವಾದಷ್ಟೂ ಅಂಕ ಹೆಚ್ಚು. ಮುಂಗೈಗೆ ಎರಡು ಸಿಕ್ಕಿತು. ಬೆರಳುಗಳ ಮೇಲೆ ಚರ್ಮ ಮಡಿಕೆ ಬೀಳಲೇ ಇಲ್ಲ, ಮೂರು. ಆಮೇಲೆ ಯಂತ್ರದ ಬೆಳಕು ಅವಳ ಕೈಗಳ ಮೇಲೆ ಮುಟ್ಟದೆ ಹಾದುಹೋಯಿತು. ರಕ್ತ ಚೆನ್ನಾಗಿ ಹರಿಯುವ ಕಡೆ ಪರದೆಯಲ್ಲಿ ಕೆಂಪು, ಇಲ್ಲದ ಕಡೆ ನೀಲಿ. ಸಾಲ್ವೋರಳ ಕೈಗಳು ಕೆಂಪಗಿದ್ದವು.

"ವಿಚಿತ್ರ. ಚರ್ಮ ಹೋದ ಸಲಕ್ಕಿಂತ ದಪ್ಪ ಆಗಿದೆ. ಅಂಥ ಕಡೆ ರಕ್ತ ಕಮ್ಮಿ ಇರ್ಬೇಕಿತ್ತು," ಎಂದಳು ಟಿನ್ನಾ.

"ಬಲೆಯವರ ಕೈ ಕಣಮ್ಮಾ ಇದು. ನಿನ್ನ ಪುಸ್ತಕ ಓದಿಲ್ಲ ಅದು."

ಟಿನ್ನಾ ನಕ್ಕಳು. "ಪತ್ರದಲ್ಲಿ ಬರೆದಿದ್ವಲ್ಲ? ಇವತ್ತು ಕಾಫಿ, ಸಿಗರೇಟು, ಬಿಸಿನೀರು ಏನೂ ಮುಟ್ಟಿಲ್ಲ ತಾನೆ?"

"ಇಲ್ಲ."

ಆ ಪತ್ರವನ್ನು ಸಾಲ್ವೋರ್ ನನಗೆ ತೋರಿಸಿರಲಿಲ್ಲ. ನಮ್ಮಿಬ್ಬರ ಕೂದಲೂ ಒದ್ದೆಯಾಗಿತ್ತು, ಆದರೆ ಹೊರಗಿನ ಹಿಮಮಳೆಯಲ್ಲಿ ಬಂದವರೆಲ್ಲರ ಕೂದಲೂ ಒದ್ದೆಯೇ.

"ಸರಿ, ಹಾಗಾದ್ರೆ ರಕ್ತನಾಳ ಅಗಲ ಮಾಡೋ ಡ್ರಿಪ್ ಈಗ ಬೇಡ. ಆರು ವಾರ ಬಿಟ್ಟು ಬಾ."

ಸಾಲ್ವೋರ್ ದೊಡ್ಡದಾಗಿ ಉಸಿರುಬಿಟ್ಟಳು. ಹತ್ತೇ ದಿನದಲ್ಲಿ ಆ ಕಪ್ಪು ಉಗುರಿನ ಅರ್ಧಕ್ಕೆ ಬಂದದ್ದನ್ನು ನಾನು ನೋಡಿದ್ದೆ. ಅವಳು ಮೇಜಿನ ಕೆಳಗೆ ನನ್ನ ಮಂಡಿ ಹಿಡಿದಳು. ಸುಮ್ಮನಿರು ಎಂದು ಒತ್ತಲು ನೋಡಿದಳು, ಬೆರಳುಗಳಲ್ಲಿ ಬಲವಿರಲಿಲ್ಲ.

"ನಾವು ಕೊಳದಿಂದ ನೇರ ಇಲ್ಲಿಗೇ ಬಂದ್ವಿ," ಎಂದೆ.

"ನಿನ್ನ ಯಾರೇ ಕೇಳಿದ್ದು?"

"ಸಾಲ್ವೋರ್..."

"ಕತ್ತರಿಸ್ತಾರೆ ಕಣೆ! ಚಿತ್ರ ಚೆನ್ನಾಗಿ ಬಂದ್ರೆ ನನ್ನ ಬೆರಳು ನನಗೆ ಬಿಡ್ತಾರೆ ಅಂತ ಅಷ್ಟು ಹೊತ್ತು ಕೂತಿದ್ದೆ!"

ಟಿನ್ನಾ ಕುರ್ಚಿ ಎಳೆದುಕೊಂಡು ಅವಳೆದುರು ಕೂತಳು. "ಚಿತ್ರ ಚೆನ್ನಾಗಿದ್ರೆ ನಾನು ಔಷಧಿ ಕೊಡಲ್ಲ ಸಾಲ್ವೋರ್. ಕೊಡದೇ ಇದ್ರೇನೇ ಬೆರಳು ಹೋಗೋದು."

ಕೊಳದ ಬಿಸಿ ಇಳಿಯಲೆಂದು ಎರಡು ಗಂಟೆ ತಣ್ಣನೆಯ ಕೋಣೆಯಲ್ಲಿ ಕೂತೆವು. ಅವಳು ಗೋಡೆ ನೋಡುತ್ತಿದ್ದಳು. ಎರಡನೆಯ ಚಿತ್ರದಲ್ಲಿ ಅಂಗೈ ಕೆಂಪೂ ಅಲ್ಲದ ನೀಲಿಯೂ ಅಲ್ಲದ ನಡುವಿನ ಹಸಿರು, ಬೆರಳುಗಳು ನೀಲಿ. ತೋರುಬೆರಳಿರಬೇಕಾದ ಜಾಗದಲ್ಲಿ ಬರೀ ಕತ್ತಲೆ.

"ಅಲ್ಲಿ ಬೆರಳೇ ಇಲ್ವಲ್ಲ," ಎಂದಳು, ಟಿನ್ನಾಳಿಗೆ. ನನಗಲ್ಲ.

ಅಂದೇ ಡ್ರಿಪ್ ಹಾಕಿದರು, ಐದು ದಿನ. ಕಪ್ಪು ಅಲ್ಲಿಗೇ ನಿಂತಿತು. ಹುಣ್ಣು ಮಾಯಲು ಬೇಸಿಗೆಯವರೆಗೆ ಹಿಡಿಯಿತು; ತುದಿ ಸೊರಗಿ, ಬೆರಳು ಬಾಗಿ, ಹೇಗೋ ಉಳಿಯಿತು. ಚರ್ಮ ಮೆತ್ತಗಾಗಲಿಲ್ಲ. ಕಾಯಿಲೆ ಆಮೇಲೆ ಶ್ವಾಸಕೋಶಕ್ಕೆ ಇಳಿಯಿತು, ಅದಕ್ಕೆ ಟಿನ್ನಾಳ ಬಳಿಯೂ ಹೆಚ್ಚಿನ ಉಪಾಯವಿರಲಿಲ್ಲ.

ನಾಲ್ಕು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಬಲೆಮನೆಯಲ್ಲಿ ಬೇರೆ ಮೇಜಿಗೆ ಹೋಗಿ ಕೂರುತ್ತಿದ್ದಳು. ಜೂನಿನ ಒಂದು ದಿನ ಎಲ್ಲರೂ ಒಣಮೀನಿಗೆ ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದಾಗ, ಆ ಡೊಂಕು ಬೆರಳನ್ನು ಎತ್ತಿ ನನ್ನನ್ನೇ ತೋರಿಸಿದಳು.

"ಏ ಚಾಡಿಕೋರಿ, ಆ ಬೆಣ್ಣೆ ಇತ್ತ ತಳ್ಳು."

ಆಮೇಲಿನ ಎರಡು ವರ್ಷ, ಮಾತಾಡಲು ಉಸಿರು ಇರುವವರೆಗೂ, ನನ್ನನ್ನು ಅವಳು ಬೇರೆ ಹೆಸರಿನಿಂದ ಕರೆಯಲಿಲ್ಲ.