‘ಜಾಗ ಅದೆ’ ಎಂದ ರತ್ನಕ್ಕ

ರತ್ನಕ್ಕನಿಗೆ ಮೆತ್ತಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಗುಟ್ಟನ್ನೂ ಬಸ್ಸಿನ ಕೊನೆಯ ಸೀಟಿಗೆ ಕೇಳುವಂತೆಯೇ ಹೇಳುತ್ತಿದ್ದರು. ಮಳವಳ್ಳಿ–ಮದ್ದೂರು ಬಸ್ಸಿನಲ್ಲಿ ಅವರು ಕಂಡಕ್ಟರ್. ಬಾಗಿಲ ಬಳಿ ನಿಂತು “ಒಳಕ್ಕೋಗಿ, ಒಳಕ್ಕೋಗಿ, ಜಾಗ ಅದೆ” ಎಂದು ಒಂದು ಕೂಗು ಹಾಕಿದರೆ ಸಾಕು, ಕೆ.ಎಂ. ದೊಡ್ಡಿಯಲ್ಲಿ ಹತ್ತಿದ ಕಾಲೇಜು ಹುಡುಗರು, ರೇಷ್ಮೆಗೂಡಿನ ಚೀಲದವರು, ಮಗು ಎತ್ತಿಕೊಂಡ ಹೆಂಗಸರು ಎಲ್ಲರೂ ಒಂದೊಂದು ಹೆಜ್ಜೆ ಸರಿಯುತ್ತಿದ್ದರು. ನಿಜಕ್ಕೂ ಜಾಗ ಇರುತ್ತಿರಲಿಲ್ಲ. ಅವರು ಇದೆ ಎಂದ ಮೇಲೆ ಹೇಗೋ ಆಗುತ್ತಿತ್ತು.

ನಾನು ಆ ಬಸ್ಸಿನ ನಿತ್ಯದ ಪ್ರಯಾಣಿಕ. ಮನೆ ಮದ್ದೂರಿನಲ್ಲಿ, ಮಳವಳ್ಳಿಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಪಾಠ. ಭಾನುವಾರಗಳಲ್ಲಿ ಮಾತ್ರ ನಾನು ಬೇರೆ ಮನುಷ್ಯ. ‘ಕೊಪ್ಪರಿಗೆ’ ಎಂಬ ರಾಕ್ ಬ್ಯಾಂಡಿನ ಬೇಸ್ ಗಿಟಾರ್ ವಾದಕ. ಕಬ್ಬಿನ ಹಾಲು ಕುದಿಸುವ ಪಾತ್ರೆಯ ಹೆಸರನ್ನು ಬ್ಯಾಂಡಿಗೆ ಇಟ್ಟವನು ನಾಗರಾಜ, ನಮ್ಮ ಡ್ರಮ್ಮರ್. ಅವನಿಗೆ ಮದ್ದೂರಿನಲ್ಲಿ ಫ್ಲೆಕ್ಸ್ ಅಂಗಡಿಯಿತ್ತು. ಅದರ ಹಿಂದಿನ ಗೋಡೌನಿನಲ್ಲಿ ನಮ್ಮ ಅಭ್ಯಾಸ. ಗಿಟಾರು ಬಾರಿಸುತ್ತಿದ್ದ ಸಿದ್ದುವೇ ಹಾಡುತ್ತಿದ್ದ. ಕಾಲೇಜು ಸಮಾರಂಭಗಳಲ್ಲಿ ಬೇರೆಯವರ ಹಾಡು ಬಾರಿಸಿ, ಊಟ ಮಾಡಿ, ಮನೆಗೆ ಬರುವುದಷ್ಟೇ ನಮ್ಮ ಸಾಧನೆಯಾಗಿತ್ತು.

ಒಂದು ಶನಿವಾರ ಕಾಲೇಜಿನ ಕಾರ್ಯಕ್ರಮಕ್ಕೆಂದು ಗಿಟಾರನ್ನು ಅದರ ಕಪ್ಪು ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ರತ್ನಕ್ಕ ಪೆಟ್ಟಿಗೆಯ ಉದ್ದವನ್ನು ಮೇಲಿಂದ ಕೆಳಗೆ ನೋಡಿದರು.

“ಏನ್ ಮೇಷ್ಟ್ರೇ ಅದು? ಎಣ ಗಿಣ ಸಾಗಿಸ್ತಾ ಇದ್ದೀರಾ?”

ಬಸ್ಸೆಲ್ಲ ನಕ್ಕಿತು. ಗಿಟಾರು ಎಂದೆ. ನಾವೊಂದು ಬ್ಯಾಂಡು ಕಟ್ಟಿದ್ದೇವೆ ಎಂದೆ. ಅವರು ಟಿಕೆಟ್ ಕೊಡುತ್ತ ಕೊಡುತ್ತಲೇ ಎಲ್ಲವನ್ನೂ ವಿಚಾರಿಸಿ, ಮುಂದಿನ ಭಾನುವಾರ ಡ್ಯೂಟಿ ಮುಗಿದದ್ದೇ ಖಾಕಿಯಲ್ಲೇ ಗೋಡೌನಿಗೆ ಬಂದುಬಿಟ್ಟರು. ಫ್ಲೆಕ್ಸ್ ಸುರುಳಿಯ ಮೇಲೆ ಕೂತು ಸಿದ್ದುವಿನ ಒಂದು ಹಾಡನ್ನು ಪೂರ್ತಿ ಕೇಳಿದರು.

“ಚೆನ್ನಾಗ್ ಬಾರಿಸ್ತೀಯ ಕಣಪ್ಪ. ಆದ್ರೆ ಅಲ್ನೋವು ಬಂದೋನಂಗ್ ಯಾಕ್ ಕಿರುಚ್ತೀಯ?”

ಸಿದ್ದು ಕೋಪದಿಂದ, “ಹಂಗಾದ್ರೆ ನೀವೇ ಹಾಡಿ ನೋಡವ” ಎಂದ. ರತ್ನಕ್ಕ ಎದ್ದು ನಿಂತು ಮೈಕು ಹಿಡಿದರು. ಹಾಡು ಯಾವುದೂ ಸಿದ್ಧವಿರಲಿಲ್ಲವೋ ಏನೋ, ದಿನವೂ ಕೂಗುವುದನ್ನೇ ಕೂಗಿದರು: ಒಳಕ್ಕೋಗಿ, ಒಳಕ್ಕೋಗಿ, ಜಾಗ ಅದೆ. ಎರಡನೆಯ ಸಲಕ್ಕೆ ಅದಕ್ಕೊಂದು ರಾಗ ಬಂತು. ಮೂರನೆಯ ಸಲಕ್ಕೆ ನಾಗರಾಜ ಕಡ್ಡಿ ಎತ್ತಿಕೊಂಡಿದ್ದ. ಸಿದ್ದು ಅವತ್ತೇ ಮೈಕು ಬಿಟ್ಟುಕೊಟ್ಟ, ಬೇಸರವಿಲ್ಲದೆ.

ರತ್ನಕ್ಕನ ಊರು ಮಳವಳ್ಳಿಯ ಆಚೆ. ಗಂಡ ಮಹದೇವಣ್ಣ ರೇಷ್ಮೆ ಹುಳು ಸಾಕುತ್ತಿದ್ದರು. ನಡುಮನೆಯ ಗೋಡೆಯಲ್ಲಿ ಬುದ್ಧನ ದೊಡ್ಡ ಪಟ. ‘ಅವರಷ್ಟು ಶಾಂತವಾಗಿರಕ್ಕೆ ನಂಗಾಗಕಿಲ್ಲ, ಅದ್ಕೇ ಇಟ್ಕೊಂಡಿವ್ನಿ’ ಎನ್ನುತ್ತಿದ್ದರು ರತ್ನಕ್ಕ. ಯಾವುದನ್ನೂ ಮುಂದಕ್ಕೆ ಹಾಕುವವರಲ್ಲ. ನಾವು ಆಮೇಲೆ ನೋಡೋಣ ಎಂದಾಗಲೆಲ್ಲ ಒಂದೇ ಮಾತು: “ಆಮ್ಯಾಕೆ ಅನ್ನೋ ಸ್ಟಾಪೇ ಇಲ್ಲ ಕಣ್ರಪ್ಪ ಈ ರೂಟಲ್ಲಿ.”

ಆ ಕೂಗು ಹಾಡಾಗಲು ಒಂದು ಮಳೆಗಾಲ ಹಿಡಿಯಿತು. ಸಾಲುಗಳೆಲ್ಲ ರತ್ನಕ್ಕನವೇ. ‘ನಿಂತೋರ್ಗೂ ಒಂದೂರು ಅದೆ, ಕೂತೋರ್ಗೂ ಒಂದೂರು ಅದೆ’ ಎಂಬ ಸಾಲು ಬಂದ ದಿನ ನಮಗೆಲ್ಲ ಇದು ಬರೀ ಬಸ್ಸಿನ ಹಾಡಲ್ಲ ಎಂದು ಗೊತ್ತಾಯಿತು. ಅದರ ಬೆನ್ನಿಗೇ ‘ಬಾಗ್ಲಲ್ ನಿಂತು ತಡಿಬ್ಯಾಡಿ’ ಎಂದು ದನಿ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ನಾವು ಮೂವರೂ ವಾದ್ಯ ನಿಲ್ಲಿಸುತ್ತಿದ್ದೆವು. ಆ ಎತ್ತರದಲ್ಲಿ ಅವರ ದನಿಗೆ ಜೊತೆ ಬೇಕಿರಲಿಲ್ಲ.

ಅಷ್ಟರಲ್ಲಿ ಅವರ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡ್ ಗಂಟು, ತೆಗೆಯಲೇಬೇಕು, ತಡಮಾಡಬಾರದು ಎಂದರು ಮೈಸೂರಿನ ಡಾಕ್ಟರು. ಗಂಟು ದನಿಯ ನರಕ್ಕೆ ಅಂಟಿಕೊಂಡಂತಿತ್ತು. ಜೀವಕ್ಕೆ ಭಯವಿಲ್ಲ, ಆದರೆ ದನಿ ಮೊದಲಿನಂತೆ ಇರುತ್ತದೆ ಎಂದು ಹೇಳಲಾಗದು ಎಂದರಂತೆ. ರತ್ನಕ್ಕ ಇದನ್ನೂ ನಮಗೆ ಗೋಡೌನಿನ ಹೊರಗಿನವರಿಗೂ ಕೇಳುವ ಹಾಗೇ ಹೇಳಿದರು. ನಾಗರಾಜ ಕಡ್ಡಿ ಕೆಳಗಿಟ್ಟ.

“ಏನ್ ಸತ್ತೋರ್ ಮನೆಲ್ ಕುಂತಂಗ್ ಕುಂತಿದ್ದೀರಿ? ಈ ವಾರ ರೆಕಾರ್ಡಿಂಗು. ಮುಂದಿನ್ ವಾರ ಆಪರೇಷನ್ನು. ಎದ್ದೇಳಿ” ಎಂದರು.

ಮಂಡ್ಯದಲ್ಲೊಂದು ಸಣ್ಣ ಸ್ಟುಡಿಯೊ. ಚುನಾವಣೆ ಬಂದರೆ ಪ್ರಚಾರದ ಹಾಡು, ಉಳಿದ ಕಾಲದಲ್ಲಿ ದೇವರ ಹಾಡು ಮಾಡುವ ಜಾಗ. ಅವತ್ತು ಕರೆಂಟು ಹೋಗಿ ಹೋಗಿ ಬರುತ್ತಿತ್ತು. ಮೇಲಿನ ಸಾಲಿಗೆ ಬರುವ ಹೊತ್ತಿಗೆ ಸರಿಯಾಗಿ ಕೈಕೊಡುತ್ತಿತ್ತು. ಪ್ರತಿ ಸಲವೂ ರತ್ನಕ್ಕ ಮತ್ತೆ ಮೊದಲಿನಿಂದ ಹಾಡಿದರು. ಬರೀ ಆ ಸಾಲನ್ನು ಹಾಡಿ, ಉಳಿದದ್ದನ್ನು ಜೋಡಿಸುತ್ತೇನೆ ಎಂದು ಸ್ಟುಡಿಯೊದವನು ಹೇಳಿದರೂ ಕೇಳಲಿಲ್ಲ. ಕೊನೆಗೊಮ್ಮೆ ಹಾಡು ಪೂರ್ತಿ ಸಿಕ್ಕಿತು. ಅವರು ಹೊರಬಂದು ಕುತ್ತಿಗೆ ಮುಟ್ಟಿ ನೋಡಿಕೊಂಡರು.

ಸಿದ್ದುವಿನ ಪರಿಚಯದವರೊಬ್ಬರಿಂದ ಹಾಡು ಬೆಂಗಳೂರಿನ ಒಂದು ಸಂಗೀತ ಕಂಪನಿಗೆ ತಲುಪಿತು. ಅಲ್ಲಿಂದ ಒಬ್ಬ ಯುವಕ ಮಂಡ್ಯಕ್ಕೇ ಬಂದ. ಒಳ್ಳೆಯವನೇ. ಹಾಡು ಬಹಳ ಇಷ್ಟವಾಗಿದೆ, ನಾವೇ ಬಿಡುಗಡೆ ಮಾಡುತ್ತೇವೆ, ಆದರೆ ಒಂದೇ ಒಂದು ಬದಲಾವಣೆ ಎಂದ. ‘ಒಳಕ್ಕೋಗಿ’ ಬದಲು ‘ಒಳಗೆ ಹೋಗಿ’, ‘ಅದೆ’ ಬದಲು ‘ಇದೆ’. ತಿಂಗಳು ಬಿಟ್ಟು ಬಂದು ಹಾಡಿದರೂ ಸಾಕು. “ಇಡೀ ರಾಜ್ಯಕ್ಕೆ ಅರ್ಥವಾಗಬೇಕಲ್ಲ ಮೇಡಂ?”

“ನೋಡಪ್ಪ, ನನ್ ಬಸ್ಸಿಗೆ ಬೀದರ್ನೋರೂ ಅತ್ತವ್ರೆ, ಮಂಗ್ಳೂರೋರೂ ಅತ್ತವ್ರೆ. ನಾನು ಒಳಕ್ಕೋಗಿ ಅಂದಾಗ ಒಬ್ರೂ ಈಚೆಗೆ ಓಗಿಲ್ಲ” ಎಂದರು ರತ್ನಕ್ಕ.

ಅವನು ನಕ್ಕ, ಆದರೆ ಒಪ್ಪಲಿಲ್ಲ. ಅವನು ಹೋದ ಮೇಲೆ ನಾಗರಾಜ ರೇಗಿದ. “ಎಲ್ಡಕ್ಷರಕ್ಕೆ ಯಾಕಕ್ಕ ಇಷ್ಟು ಅಟ? ಇಂತಾ ಚಾನ್ಸು ಇನ್ನೊಂದ್ ಸಲ ಬತ್ತದಾ?”

“ನನ್ ದನಿನೂ ಇನ್ನೊಂದ್ ಸಲ ಬರಾಕಿಲ್ಲ ಕಣ್ಲಾ. ಇರೋ ದನೀಲಿ ನನ್ ಮಾತ್ನೇ ಆಡ್ಬುಟ್ಟಿವ್ನಿ. ಅದು ಅಂಗೇ ಓಗ್ಲಿ.”

ನಾಗರಾಜ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಅವನೇ ಹಾಡಿಗೊಂದು ಚಿತ್ರ ಮಾಡಿದ, ತುಂಬಿದ ಬಸ್ಸಿನದು. ಹಾಡನ್ನು ನಾವೇ ಅಂತರ್ಜಾಲಕ್ಕೆ ಹಾಕಿದೆವು. ಮಾರನೆಯ ಬೆಳಿಗ್ಗೆ ರತ್ನಕ್ಕ ಆಸ್ಪತ್ರೆಗೆ ಸೇರಿದರು.

ಹಾಡು ಮೊದಲು ಹಿಡಿದದ್ದು ಬಸ್ಸುಗಳಲ್ಲಿ. ನಮ್ಮ ರೂಟಿನ ಡ್ರೈವರುಗಳು ಹಾಕಿದರು, ಅವರಿಂದ ಬೇರೆ ರೂಟಿಗೆ ಹೋಯಿತು. ಬಾಗಿಲಲ್ಲಿ ನೇತಾಡುತ್ತಿದ್ದ ಕಾಲೇಜು ಹುಡುಗರು ಅದಕ್ಕೆ ಬಾಯಾಡಿಸಿ ರೀಲ್ಸ್ ಮಾಡಿದರು. ಹುಬ್ಬಳ್ಳಿಯ ಹುಡುಗಿಯರು ಮಾಡಿದರು. ಮುಂಬೈನ ಲೋಕಲ್ ರೈಲಿನಲ್ಲಿ ಒಬ್ಬ ಹೋಟೆಲ್ ಹುಡುಗ ನೂಕುನುಗ್ಗಲಿನ ನಡುವೆ ನಿಂತು ‘ನಿಂತೋರ್ಗೂ ಒಂದೂರು ಅದೆ’ ಎಂದು ಹಾಡಿಕೊಂಡದ್ದನ್ನು ನೋಡಿ ನಾನು ಸ್ಟಾಫ್ ರೂಮಿನಲ್ಲಿ ಎದ್ದು ನಿಂತುಬಿಟ್ಟೆ. ರೇಡಿಯೊದವರು ಕೇಳುಗರ ಒತ್ತಾಯಕ್ಕೆ ಮತ್ತೆ ಮತ್ತೆ ಹಾಕಿದರು. ಕನ್ನಡ ಹಾಡುಗಳ ಟಾಪ್ ಪಟ್ಟಿಯ ಬುಡದಲ್ಲಿ ಎಲ್ಲೋ ಕಾಣಿಸಿಕೊಂಡದ್ದು, ದಿನ ದಿನಕ್ಕೂ ಮೇಲೇರುತ್ತ, ದೊಡ್ಡ ದೊಡ್ಡ ಸಿನಿಮಾ ಹಾಡುಗಳನ್ನು ದಾಟಿ, ಒಂದು ಶುಕ್ರವಾರ ಮೊದಲ ಸ್ಥಾನದಲ್ಲಿ ಕೂತಿತ್ತು.

ಅವತ್ತೇ ಮೈಸೂರಿಗೆ ಓಡಿದೆ. ಗಾಯ ಮಾಯಲು ತಡವಾಗಿ ರತ್ನಕ್ಕ ಇನ್ನೂ ಆಸ್ಪತ್ರೆಯಲ್ಲೇ ಇದ್ದರು, ಕುತ್ತಿಗೆಗೆ ಬಿಳಿ ಪಟ್ಟಿ. ಮಾತಾಡಕೂಡದೆಂದು ಡಾಕ್ಟರ ಅಪ್ಪಣೆ. ಅವರು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊಬೈಲನ್ನು ಕಣ್ಣೆದುರು ಹಿಡಿದೆ. ಹಾಡುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಪಕ್ಕದಲ್ಲಿದ್ದ ಮಹದೇವಣ್ಣ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡರು. ರತ್ನಕ್ಕ ಮಾತ್ರ ಕೈ ಮೇಲೆತ್ತಿ, ಗಾಳಿಯಲ್ಲಿ ಇಲ್ಲದ ಬೆಲ್ಲಿನ ಹಗ್ಗವನ್ನು ಎರಡು ಸಲ ಜಗ್ಗಿದರು. ಹೊರಡು ಎಂದು ಡ್ರೈವರಿಗೆ ಕೊಡುವ ಸೂಚನೆ ಅದು.

ಕುತ್ತಿಗೆಯ ಪಟ್ಟಿ ಬಿಚ್ಚಿದ ಮೇಲೆ ಬಂದ ದನಿ ಬೇರೆಯೇ ಆಗಿತ್ತು. ರಾಗಿ ಕಲ್ಲು ತಿರುಗಿದ ಹಾಗೆ ದಪ್ಪ, ಒರಟು, ಅಲ್ಲಲ್ಲಿ ಬರೀ ಉಸಿರು. ಇನ್ನಷ್ಟು ಸುಧಾರಿಸಬಹುದು, ಆದರೆ ಹಳೆಯದು ಬಾರದು ಎಂದರು ಡಾಕ್ಟರು. ರತ್ನಕ್ಕ ಮುಂದಿನ ಭಾನುವಾರವೇ ಗೋಡೌನಿಗೆ ಬಂದರು. ಮೇಲಿನ ಸಾಲು ಹಿಡಿದರು, ದನಿ ಮುರಿಯಿತು. ಮತ್ತೆ ಹಿಡಿದರು, ಮತ್ತೆ ಮುರಿಯಿತು. ನೀರು ಕುಡಿದು ಹೊರಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ನಾನು ಹೋಗಿ ನೋಡಿದರೆ ಗೋಡೆಗೆ ಹಣೆಯಾನಿಸಿ ನಿಂತಿದ್ದರು.

“ಒಂದ್ ಮೆಟ್ಲೇ ಕಿತ್ತಾಕ್ಬುಟ್ಟವ್ರೆ ಮೇಷ್ಟ್ರೇ. ಕಾಲಿಟ್ರೆ ಏನೂ ಇಲ್ಲ” ಎಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಸರಿ ಬುಡಿ. ಕೆಳ್ಗಿಂದ್ಲೇ ಓಗನ. ನಿಮ್ ಗಿಟಾರು ಎಷ್ಟ್ ಕೆಳಕ್ಕೆ ಇಳೀತದೆ?”

ಅಲ್ಲಿಂದ ಹಾಡನ್ನು ಮತ್ತೆ ಕಟ್ಟಿದೆವು. ಶ್ರುತಿ ಇಳಿಸಿದೆವು. ನಾಗರಾಜ ಹೊಡೆತ ಕಡಿಮೆ ಮಾಡಿದ. ಮೇಲೇರುತ್ತಿದ್ದ ಸಾಲನ್ನು ರತ್ನಕ್ಕ ಈಗ ಇಳಿಯುತ್ತ ಹಾಡಬೇಕಿತ್ತು. ಅದು ಸುಲಭದಲ್ಲಿ ಕೂರಲಿಲ್ಲ. ಅಷ್ಟರಲ್ಲಿ ಮಂಡ್ಯದಲ್ಲಿ ದೊಡ್ಡದೊಂದು ಕಾರ್ಯಕ್ರಮಕ್ಕೆ ಕರೆ ಬಂತು. ಏರ್ಪಡಿಸಿದವರಿಗೆ ವಿಷಯ ತಿಳಿದಿತ್ತು. “ರೆಕಾರ್ಡ್ ಹಾಕ್ತೀವಿ, ನೀವು ಬಾಯಾಡಿಸಿ ಸಾಕು. ಎಲ್ಲರೂ ಮಾಡೋದು ಅದೇ” ಎಂದರು. ನನಗೂ ಅದೇ ಸರಿ ಎನಿಸಿತ್ತು.

“ಬಾಯಾಡ್ಸಕ್ಕೆ ನಾನೇನ್ ಮೀನಾ?” ಎಂದರು ರತ್ನಕ್ಕ. “ಆಡಕ್ಕೆ ಕರೆದ್ರೆ ಬತ್ತೀನಿ. ಇಲ್ದಿದ್ರೆ ನನ್ ಪೋಟೊ ನಿಲ್ಸಿ.”

ಆ ಸಂಜೆ ಮೈದಾನ ತುಂಬಿತ್ತು. ಹಾಡು ಶುರುವಾದಾಗ ಎದ್ದ ಕೇಕೆ, ರತ್ನಕ್ಕ ಬಾಯಿ ತೆರೆದದ್ದೇ ತಗ್ಗಿತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿಂದಲೋ ಒಬ್ಬ, “ಒರಿಜಿನಲ್ ಆಡಕ್ಕೋ!” ಎಂದು ಕೂಗಿದ. ಇನ್ನೊಂದಿಷ್ಟು ಜನ ದನಿಗೂಡಿಸಿದರು. ರತ್ನಕ್ಕ ಕೈಯೆತ್ತಿ ನಮ್ಮನ್ನು ನಿಲ್ಲಿಸಿದರು.

“ಇದೇ ಒರಿಜಿನಲ್ಲು ಕಣಪ್ಪ. ನಿನ್ ಮೊಬೈಲಲ್ಲಿರೋ ದನಿ ಆಸ್ಪತ್ರೆಲಿ ಓಯ್ತು. ಇರೋದು ಇದು, ಇದ್ರಲ್ಲೇ ಆಡ್ತೀನಿ. ಕೇಳೋರ್ ಕೇಳಿ, ಓಗೋರ್ ಓಗಿ. ನಾನಂತೂ ಮುಗಿಸ್ದೆ ಇಳಿಯಾಕಿಲ್ಲ.”

ಕೆಲವರು ನಿಜವಾಗಿಯೂ ಎದ್ದು ಹೋದರು, ನಾನು ನೋಡಿದೆ. ನನ್ನ ಬೆರಳುಗಳು ಬೆವರಿನಿಂದ ತಂತಿಯ ಮೇಲೆ ಜಾರುತ್ತಿದ್ದವು. ರತ್ನಕ್ಕ ಕಣ್ಣು ಮುಚ್ಚಿ ಹಾಡಿ ಮುಗಿಸಿದರು. ಚಪ್ಪಾಳೆ ಬಂತು, ಮರ್ಯಾದೆಯ ಚಪ್ಪಾಳೆ. ಇನ್ನು ಇಳಿಯೋಣ ಎಂದು ನಾನು ಗಿಟಾರಿನ ಪಟ್ಟಿಗೆ ಕೈ ಹಾಕಿದ್ದೆ. ಅವರು ನಮ್ಮ ಕಡೆ ತಿರುಗಿದರು.

“ಇನ್ನೊಂದ್ಸಲ ಬಾರುಸ್ರಪ್ಪ. ದನಿ ಈಗ ಕುಂತದೆ.”

ಎರಡನೆಯ ಸಲ ಹಾಡಿದ್ದನ್ನು ನಾನು ಎಂದಿಗೂ ಮರೆಯಲಾರೆ. ಆ ಒರಟು ದನಿ ಸಾಲಿನಿಂದ ಸಾಲಿಗೆ ಕೆಳಗಿಳಿಯುತ್ತ ಹೋಯಿತು. ‘ನಿಂತೋರ್ಗೂ ಒಂದೂರು ಅದೆ’ ಎಂಬುದು ಹಿಂದೆ ಕೂಗಿ ಕರೆದಂತಿತ್ತು. ಈಗ ಪಕ್ಕದಲ್ಲಿ ಕೂತವರು ತಾವೇ ಅನುಭವಿಸಿದ್ದನ್ನು ಹೇಳಿದಂತಿತ್ತು. ಮುಗಿದ ಮೇಲೆ ಎದ್ದ ಗದ್ದಲದಲ್ಲಿ ನಾಗರಾಜ ಏನೋ ಕೂಗುತ್ತಿದ್ದ, ನನಗೆ ಕೇಳಿಸಲಿಲ್ಲ. ಅವನ ಗಲ್ಲ ಒದ್ದೆಯಾಗಿದ್ದದ್ದು ಮಾತ್ರ ಕಂಡಿತು.

ಆ ಹೊಸ ರೂಪವನ್ನೂ ಬಿಡುಗಡೆ ಮಾಡಿದೆವು. ಅದು ಪಟ್ಟಿಯ ತುದಿಗೆ ಹೋಗಲಿಲ್ಲ. ನಡುವೆ ಎಲ್ಲೋ ಕೂತದ್ದು ತಿಂಗಳುಗಟ್ಟಲೆ ಜಾಗ ಬಿಟ್ಟು ಏಳಲೂ ಇಲ್ಲ.

ಆಮೇಲೆ ಒಬ್ಬೊಬ್ಬರ ದಾರಿ ಬೇರೆಯಾಯಿತು. ಸಿದ್ದುವಿಗೆ ಸಿನಿಮಾ ಸಂಗೀತದ ಕೆಲಸ ಸಿಕ್ಕಿತು. ನಾಗರಾಜ ಅಂಗಡಿ ದೊಡ್ಡದು ಮಾಡಿದ. ನನಗೆ ಕಾಲೇಜಿನಲ್ಲಿ ರಜೆ ಸಿಗುತ್ತಿರಲಿಲ್ಲ. ರತ್ನಕ್ಕ ಬಸ್ಸಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮೈಸೂರು, ಚಾಮರಾಜನಗರದ ಎಳೆಯರನ್ನು ಕಟ್ಟಿಕೊಂಡು ‘ಕೊಪ್ಪರಿಗೆ’ಯನ್ನು ಮುಂದುವರಿಸಿದರು. ರಾಜ್ಯವನ್ನೆಲ್ಲ ಸುತ್ತುತ್ತೇನೆ ಎಂದರು.

ಹೊರಟ ದಿನ ಬೆಳಿಗ್ಗೆ ಅವರ ವ್ಯಾನು ಮದ್ದೂರಿನ ನಮ್ಮ ಮನೆಯೆದುರು ನಿಂತಿತು. ಕಾಫಿ ಕುಡಿಯುತ್ತ ಒಂದು ಹೊಸ ಹಾಡು ಕೇಳಿಸಿದರು, ನಾಲೆಯ ಮೇಲಿನದು. ಅದರಲ್ಲೊಂದು ಸಾಲು: ‘ನಾಲೆ ನೀರು ಕೇಳಾಕಿಲ್ಲ ಇದು ಯಾರ ಗದ್ದೆ ಅಂತ.’

“ಸಾಲು ಉದ್ದವಾಯಿತು ರತ್ನಕ್ಕ, ತಾಳದಾಚೆ ಹೋಗುತ್ತೆ. ‘ಇದು’ ತೆಗೆದುಬಿಡಿ” ಎಂದೆ.

“ನೀರು ಉದ್ದುಕ್ಕೇ ಅರಿಯೋದು ಮೇಷ್ಟ್ರೇ.”

“ಬೇಸ್ ಬಾರಿಸುವವರಿಗೆ ಕಷ್ಟ.”

“ಕಷ್ಟ ಪಡ್ಲಿ ಬುಡಿ, ಚಿಕ್ಕೋಳು” ಎಂದು ವ್ಯಾನಿನಲ್ಲಿದ್ದ ಹುಡುಗಿಯತ್ತ ಕಣ್ಣು ಮಿಟುಕಿಸಿದರು. ನಾವಿನ್ನೂ ವಾದಿಸುತ್ತಿದ್ದಾಗಲೇ ಡ್ರೈವರ್ ಹಾರನ್ ಹೊಡೆದ. ಯಾವಾಗ ವಾಪಸ್ಸು ಎಂದು ಕೇಳಿದೆ. “ಓಗೋರ್ನ ಬರೋದು ಯಾವಾಗ ಅಂತ ಕೇಳ್ಬಾರ್ದು” ಎಂದು ಗದರಿಸಿ ಹತ್ತಿದರು. ವ್ಯಾನು ಶಿಂಷಾ ಸೇತುವೆಯ ಕಡೆ ತಿರುಗಿತು. ಅವರನ್ನು ಎದುರೆದುರು ನೋಡಿದ್ದು ಅದೇ ಕೊನೆ. ಊರಿಗೆ ಬರುತ್ತಾರಂತೆ, ಒಂದು ರಾತ್ರಿ ಇದ್ದು ಹೊರಡುತ್ತಾರಂತೆ. ರಾಯಚೂರು, ಗದಗ, ಕಾರವಾರ ಎಂದು ಮಹದೇವಣ್ಣ ಊರುಗಳ ಹೆಸರು ಹೇಳುತ್ತಾರೆ.

ಕಳೆದ ವಾರ ಕಾಲೇಜಿನ ಕ್ಯಾಂಟೀನಿನಲ್ಲಿ ಯಾರದೋ ಮೊಬೈಲಿನಿಂದ ಆ ನಾಲೆಯ ಹಾಡು ಬಂತು. ಚಹಾ ಲೋಟವನ್ನು ಕೆಳಗಿಟ್ಟು, ಆ ಸಾಲಿಗಾಗಿ ಕಾದೆ. ‘ಇದು’ ಅಲ್ಲೇ ಇತ್ತು. ರತ್ನಕ್ಕ ಅದನ್ನು ತಾಳದಾಚೆಗೆ ಎಳೆದುಕೊಂಡು ಹೋಗಿದ್ದರು, ಆ ಹುಡುಗಿ ತನ್ನ ಬೇಸ್ ಹಿಡಿದು ಹಿಂದೆಯೇ ಹೋಗಿ ಸೇರಿಕೊಂಡಿದ್ದಳು.