ಇನ್ನೊಂದು ಹನಿ ಕೇಳದ ಹೊಟ್ಟೆ

ಬೀಗರ ಊಟಗಳಿಗೆ ಬಾಡಿನಡುಗೆ ಮಾಡುವ ಕೊಪ್ಪದ ದೊಡ್ಡಸಿದ್ದಯ್ಯನಿಗೆ ಹೆಸರು ಬಂದು ತಲೆ ತಿರುಗಿದೆ ಎಂದು ಹೋದ ವರ್ಷ ನಾಲ್ಕಾರು ಜನರ ಮುಂದೆ ಹೇಳಿದ್ದೆ. ಕಾರಣವಿತ್ತು. ನಮ್ಮ ಮನೆಯ ಊಟದಲ್ಲಿ, ಕೊನೆಯ ಪಂಕ್ತಿ ಎದ್ದ ಮೇಲೆ, ನಾನೇ ಕೈಯಾರೆ ಅವನ ಎಲೆಗೆ ಮುದ್ದೆ ಇಟ್ಟರೆ ಎರಡು ತುತ್ತು ಮುರಿದು ಎದ್ದುಬಿಟ್ಟ. ನನ್ನಂಥವನು ಬಡಿಸಿದ್ದನ್ನು ಬಿಡುವುದೆಂದರೇನು!

ಅದು ಸೊಕ್ಕಲ್ಲ, ಇಂಜೆಕ್ಷನ್ ಎಂದು ಆಮೇಲೆ ತಿಳಿಯಿತು. ನೂರಹತ್ತು ಕೆಜಿಯ ಆಳು. ಮಂಡಿ ಸವೆದಿತ್ತು, ಸಕ್ಕರೆ ಏರಿತ್ತು. ಮಂಡ್ಯದ ಡಾಕ್ಟರು ವಾರಕ್ಕೊಂದು ಚುಚ್ಚುಮದ್ದು ಬರೆದರು. ಉಂಡಾಗ ಕರುಳು ಮೆದುಳಿಗೆ 'ಸಾಕು' ಎಂದು ಸುದ್ದಿ ಕಳಿಸುತ್ತದಂತೆ. ಔಷಧಿ ಅದೇ ಸುದ್ದಿಯನ್ನು ವಾರವಿಡೀ ಸಾರುತ್ತಿರುತ್ತದೆ. ತಿನಿಸು ಕಂಡರೆ ಮೆದುಳಿನಲ್ಲಿ ಏಳುವ ಆಸೆಯೂ ತಣ್ಣಗಾಗುತ್ತದೆ. ಆರು ತಿಂಗಳಲ್ಲಿ ಹದಿನಾರು ಕೆಜಿ ಇಳಿದ. ಸಂಯಮದ ಬಗ್ಗೆ ಭಾಷಣ ಮಾಡುವ ನಾನು ಅಷ್ಟರಲ್ಲಿ ಮೂರು ಕೆಜಿ ಏರಿದ್ದೆ.

ಆದರೆ ಸಿದ್ದಯ್ಯನ ಕಸುಬು ನಿಂತಿದ್ದೇ ಹಸಿವಿನ ಮೇಲೆ. ಒಲೆ ಹಚ್ಚಿದರೆ ಕೊನೆಯ ಪಂಕ್ತಿಯವರೆಗೂ ಉಪವಾಸ. ಅಂಗೈಗೆ ಒಂದು ಹನಿ ಸಾರು ಬಿಟ್ಟು ನೆಕ್ಕುವನು. ಹೊಟ್ಟೆ 'ಇನ್ನೊಂದು ಹನಿ' ಎಂದರೆ ಉಪ್ಪು ಖಾರ ಸರಿಯಿದೆ ಎಂದರ್ಥ. ಈಗ ಹೊಟ್ಟೆ ಬಾಯೇ ಬಿಡದು. ಅದು ಇನ್ನೊಂದು ಹನಿ ಕೇಳಲಿ ಎಂದು ಉಪ್ಪು ಹಾಕುತ್ತಲೇ ಹೋದ. ಮದ್ದೂರಿನ ಒಂದು ಊಟದಲ್ಲಿ ಬೀಗರು ಸಾರಿಗಿಂತ ನೀರನ್ನೇ ಹೆಚ್ಚು ಕುಡಿದರು. ಇನ್ನೊಮ್ಮೆ ಹೀಗಾದರೆ ಮುಂದೆ ಯಾರೂ ಕರೆಯುವುದಿಲ್ಲ.

"ಮಂಡಿ ಓದ್ರೆ ಓಗ್ಲಿ, ಸೂಜಿ ಬುಟ್‌ಬುಡ್ತೀನಿ" ಎಂದ, ಹೆಂಡತಿ ಮಂಗಳಮ್ಮನ ಮುಂದೆ. ನಾನೂ ಅಲ್ಲೇ ಕೂತಿದ್ದೆ.

"ಬುಟ್ಟು? ಮತ್ತೆ ನಿನ್ನ ಎತ್ತಿ ಕೂರ್ಸೋರ್ಯಾರು, ನಿಮ್ಮಪ್ಪನಾ? ನಾನ್ ಬತ್ತೀನಿ, ರುಚಿ ನೋಡ್ತೀನಿ."

"ನಿಂಗೇನ್ ಗೊತ್ತು ಉಪ್ಪು?"

"ಮೂವತ್ತು ವರ್ಸ ನಾನ್ ಮಾಡಿದ್ ಉಂಡೇ ತಾನೆ ನೀನು ಆನೆ ಆಗಿದ್ದು?"

ಮುಂದಿನ ವಾರ ಹಲಗೂರಿನ ಊಟಕ್ಕೆ ಆಕೆ ಬೆಳಗಿನಿಂದ ಏನೂ ತಿನ್ನದೆ ಹೋದಳು. ನಾನು ತಿಂಡಿ ತಿಂದೇ ಹೋಗಿದ್ದೆ. ಗಂಡ ಅಂಗೈಗೆ ಬಿಟ್ಟ ಹನಿಯನ್ನು ನೆಕ್ಕಿ, ಮತ್ತೆ ಕೈ ಚಾಚಿದಳು. ಸಿದ್ದಯ್ಯ ಆ ಕೈಯನ್ನೇ ನೋಡುತ್ತಾ ನಿಂತ. ಆಮೇಲೆ, "ಎಲೆ ಹಾಕ್ರಲಾ" ಎಂದು ಕೂಗಿದ.

ನನಗೆ ಬಾಯಿ ತಡೆಯಲಿಲ್ಲ. "ಸಿದ್ದಯ್ಯ, ಆಸೆ ಗೆದ್ದವನು ಋಷಿ ಅಂತಾರೆ. ನಿನಗೂ ಒಳಗೆ ಹಾಗೇನಾದರೂ ಅನ್ನಿಸುತ್ತಾ?"

"ಗೆದ್ದಿರಾದು ಸೂಜಿ ಕಣ್ ಸಾಮಿ, ನಾನಲ್ಲ. ಋಸಿ ಆಗ್ಬೇಕಂದ್ರೆ ನೀವೂ ಚುಚ್ಚುಸ್ಕಳಿ. ಈಗ ದಾರಿ ಬುಡಿ, ಸಾರು ಆರೋಯ್ತದೆ."